ಅಮರಪ್ಪನ ಕಡೆಯವರು

ಹನುಮಸಾಗರ
6 ಜನವರಿ 2025

ಚಿರಂಜೀವಿ ಶಿವಲೀಲಾ,

ಆಶೀರ್ವಾದ ಮೊದಲು, ಜಗಳ ಆಮೇಲೆ. ಇನ್ನು ಮೇಲೆ ಫೋನು ಬೇಡ, ಪತ್ರ ಬರೆಯಿರಿ ಕಾಕಾ ಎಂದು ಹೇಳಿದ್ದೀಯಲ್ಲ, ಇದು ಯಾವ ನ್ಯಾಯ? ನಾನು ಸ್ಪೀಕರ್ ಹಾಕಿ ಮಾತಾಡುತ್ತೇನೆ, ಹೊಳಿಯಪ್ಪನ ಚಹಾದಂಗಡಿಯಲ್ಲಿ ಕೂತವರೆಲ್ಲ ಕೇಳುತ್ತಾರೆ ಎಂದು ನಿನ್ನ ತಕರಾರು. ಅವರು ಕೇಳಲಿ ಎಂದೇ ಹಾಕುವುದು, ಮಗಳೇ! ಅಣ್ಣನ ಮಗಳು ಹೈದರಾಬಾದಿನಲ್ಲಿ, ಪರೀಕ್ಷೆ ಮಾಡುವ ಕಂಪನಿಗಳನ್ನೇ ಪರೀಕ್ಷೆ ಮಾಡುವ ಆಫೀಸಿನಲ್ಲಿದ್ದಾಳೆ ಎಂದು ಹೇಳಿದರೆ ನಂಬದ ಜನ, ನಿನ್ನ ದನಿ ಕೇಳಿದರೆ ನಂಬುತ್ತಾರೆ.

ಇರಲಿ. ನಾನೇನು ಏಳನೇ ಇಯತ್ತೆಯವರೆಗೆ ಸುಮ್ಮನೆ ಕಲಿತಿಲ್ಲ. ಬರೆಯಲು ಕೂತರೆ ಕಾಗದ ಸಾಲುವುದಿಲ್ಲ.

ಊರಿನ ಸುದ್ದಿ ಕೇಳು. ಕುಷ್ಟಗಿ ರಸ್ತೆಗೆ ದೊಡ್ಡ ಬೀಜದ ಕಂಪನಿ ಬಂದಿರುವುದು ನಿನಗೆ ಗೊತ್ತು. ಟೊಮೆಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ. ಸಾಲು ಸಾಲು ಬಲೆ ಹೊದಿಸಿದ ನೆರಳುಮನೆ ಕಟ್ಟಿದ್ದಾರೆ. ಹೋದ ಸೆಪ್ಟೆಂಬರಿನಲ್ಲಿ ಪಗಾರದ ನೌಕರಿಗೆ ಜನರನ್ನು ಆರಿಸಿದರು. ಸುತ್ತಲ ಹಳ್ಳಿಗಳಿಂದ ಜಾತ್ರೆಯಂತೆ ಬಂದಿದ್ದರು. ಅದರಲ್ಲಿ ನಮ್ಮ ಊರಿನ ಮೂವತ್ತೆರಡು ಮಂದಿ ಒಳಗೆ! ಹೇಗೆ ಎಂದು ಕೇಳು. ನಿನ್ನ ಕಾಕಾ ಇದ್ದಾನಲ್ಲ, ಅದಕ್ಕೆ.

ನನ್ನ ಗೆಳೆಯ ಶಬ್ಬೀರಸಾಬನ ಮಗಳು ನಾಹೀದಾಳನ್ನೂ ಸೇರಿಸಿದೆ. ಶಬ್ಬೀರನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಬ್ಬಾಗಿ ಹೊಲಿಗೆ ಬಿಟ್ಟಿದ್ದಾನೆ. ಆ ಮನೆಯ ಒಲೆ ಉರಿಯುವುದು ಆಕೆಯ ಪಗಾರದಿಂದ. ಮಾರ್ಚಿಗೆ ಆರು ತಿಂಗಳು ಮುಗಿದರೆ ಕಾಯಂ ಆಗುತ್ತಾಳೆ. ಶಬ್ಬೀರ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ನಾನು ಬೇಡ ಬೇಡ ಎಂದೆ, ಆದರೆ ಕೈ ಎಳೆದುಕೊಳ್ಳಲಿಲ್ಲ.

ನಮ್ಮ ಮಲ್ಲೇಶ್ವರಿ ಮನೆಯಲ್ಲೇ ಇದ್ದಾಳೆ. ಅಮರಪ್ಪನ ಮಗಳಿಗೆ ಬೇರೆಯವರ ಬಾಗಿಲು ಕಾಯುವ ಪ್ರಸಂಗ ಬಂದಿಲ್ಲ.

ನಿನ್ನ ಕಾಕಾ,
ಅಮರಪ್ಪ


ಹೈದರಾಬಾದ್
19 ಜನವರಿ 2025

ಕಾಕಾ,

ನಿಮ್ಮ ಪತ್ರ ಓದಿ ನಕ್ಕೆ. ಆಮೇಲೆ ಎರಡನೇ ಸಲ ಓದಿದೆ.

ಕಂಪನಿಯ ವಿಷಯ ಸ್ವಲ್ಪ ಬಿಡಿಸಿ ಬರೆಯಿರಿ. ನಮ್ಮೂರಿನವರು ಸಂದರ್ಶನಕ್ಕೆ ಹೋದಾಗ ಒಳಗೆ ಏನು ಕೇಳಿದರು? ಕೆಲಸ ಮಾಡಿಸಿ ನೋಡಿದರೋ, ಬರೀ ಮಾತಾಡಿಸಿದರೋ? ನೀವು ಯಾರನ್ನು ಕಂಡಿರಿ, ಏನು ಹೇಳಿದಿರಿ? ಯಾರಾದರೂ ಯಾರಿಗಾದರೂ ಏನಾದರೂ ಕೊಟ್ಟರೋ?

ಸುಮ್ಮನೆ ಕೇಳುತ್ತಿದ್ದೇನೆ. ನನ್ನ ಕೆಲಸವೇ ಇಂಥದ್ದಲ್ಲವೇ, ಅದಕ್ಕೆ ಕುತೂಹಲ.

ಮಲ್ಲಿ ಅರ್ಜಿ ಹಾಕಲೇ ಇಲ್ಲವೇ? ಅವಳಿಗೆ ಗಿಡದ ಕೆಲಸ ಇಷ್ಟವಿತ್ತಲ್ಲ.

ಶಿವಲೀಲಾ


ಹನುಮಸಾಗರ
28 ಜನವರಿ 2025

ಚಿರಂಜೀವಿ ಶಿವಲೀಲಾ,

ಕಾಕಾನ ಪರಾಕ್ರಮ ತಿಳಿಯುವ ಆಸೆ ಕಡೆಗೂ ನಿನಗೆ ಹುಟ್ಟಿತು. ಕೇಳು.

ಕಂಪನಿಯವರು ನೆರಳುಮನೆಗೆ ಭೂಮಿ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೇಳಲು ಬಂದಾಗ ಊರಿನ ಸಭೆಯಲ್ಲಿ ಮೊದಲು ಎದ್ದು ಮಾತಾಡಿದವನು ನಾನು. ಆರಿಸುವ ಅಧಿಕಾರಿ ಪ್ರಭುರಾಜ ಸಾಹೇಬರು ಗಂಗಾವತಿ ಕಡೆಯ ಮನುಷ್ಯ. ಅವರ ಪಕ್ಕದ ಕುರ್ಚಿಯಲ್ಲಿ ಕೂತು, “ಸಾಹೇಬ್ರ, ಈ ಊರಾಗ ನಾ ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ” ಎಂದೆ. ನನ್ನದು ಎರಡೇ ಎಕರೆ ಎಂದು ಅವರಿಗೆ ಯಾರು ಹೇಳುತ್ತಾರೆ?

ಸಂದರ್ಶನದ ಹಿಂದಿನ ಸಂಜೆ ಹೋಗುವವರೆಲ್ಲ ನಮ್ಮ ಕಟ್ಟೆಗೆ ಬಂದರು. ಒಂದೇ ಪಾಠ ಹೇಳಿಕೊಟ್ಟೆ. “ಒಳಗ ಹೋದ ಕೂಡ್ಲೆ ಶರಣ ಮಾಡ್ರಿ. ಅವ್ರು ಏನರ ಕೇಳ್ಲಿ, ಮೊದ್ಲ ‘ನಾವು ಹನುಮಸಾಗರದ ಅಮರಪ್ಪ ಕಾಕಾನ ಕಡಿಯವ್ರರಿ’ ಅನ್ರಿ. ಮುಂದಿಂದು ತಾನ ಆಗ್ತೈತಿ.” ಇದರಲ್ಲಿ ತಪ್ಪೇನು? ನಮ್ಮ ಸೀಮೆಯಲ್ಲಿ ಗೊತ್ತಿಲ್ಲದ ಮನೆಗೆ ನೀರು ಕೇಳಲು ಹೋದರೂ ಯಾರ ಕಡೆಯವರು ಎಂದು ಕೇಳುವುದು ರೂಢಿ. ಒಬ್ಬ ಹಿರಿಯನ ಹೆಸರು ಹೇಳದವನನ್ನು ನಾಯಿ ಕೂಡ ಒಳಗೆ ಬಿಡುವುದಿಲ್ಲ. ಯಾರಿಂದಲೂ ಒಂದು ಎಲೆ ಅಡಿಕೆ ತಿಂದವನಲ್ಲ ನಾನು. ಬರೀ ಹೆಸರು ಕೊಟ್ಟೆ. ಹೆಸರೇನು ಸವೆಯುತ್ತದೆಯೇ?

ನಾಹೀದಾ ಮಾತ್ರ ಮೂಗು ಮುರಿದಳು. “ಕಾಕಾ, ಹೂವಿಗೆ ಹೂವು ಕೂಡಿಸೋ ಕ್ರಾಸಿಂಗ್ ಕೆಲ್ಸ ನಂಗ ಬರ್ತೈತಿ. ಹೆಸರ ಯಾಕ ಬೇಕು?”

“ಹುಚ್ಚಿ, ಕೆಲ್ಸ ಬರೋರು ಊರ ತುಂಬ ಅದಾರ. ಅಮರಪ್ಪ ಒಬ್ಬನ ಅದಾನ” ಎಂದೆ. ಅವರಪ್ಪ ಬೈದ ಮೇಲೆ ಹೂಂ ಅಂದಳು.

ಒಳಗೆ ಏನೂ ಮಾಡಿಸಲಿಲ್ಲವಂತೆ. ಹೆಸರು ಕೇಳಿದರು, ಊರು ಕೇಳಿದರು, ‘ಅಮರಪ್ಪನವರು ಆರಾಮ ಅದಾರೇನು?’ ಎಂದು ಕೇಳಿದರಂತೆ. ಕೇಳಿದಿಯಾ? ನನ್ನ ಆರೋಗ್ಯ ವಿಚಾರಿಸಿಕೊಂಡು ನೌಕರಿ ಕೊಟ್ಟರು!

ಮಲ್ಲಿಯ ಮಾತು ಮೊದಲೇ ಬರೆದಿದ್ದೇನೆ. ಅವಳು ಆವತ್ತು ಕುಕನೂರಿಗೆ ಅತ್ತೆಯ ಮನೆಗೆ ಹೋಗಿದ್ದಳು.

ಅಮರಪ್ಪ


ಹೈದರಾಬಾದ್
20 ಫೆಬ್ರವರಿ 2025

ಕಾಕಾ,

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ.

ಒಂದೇ ವಿಷಯ ಕೇಳುತ್ತೇನೆ. ತಮಾಷೆ ಬಿಟ್ಟು, ಮೀಸೆ ತಿರುವುವುದು ಬಿಟ್ಟು ಉತ್ತರಿಸಿ. ನಾಹೀದಾಳಿಗೆ ನೌಕರಿ ಕೊಡಿ ಎಂದು ನೀವು ಪ್ರಭುರಾಜರಿಗೆ ನಿಜವಾಗಿಯೂ ಹೇಳಿದಿರಾ? ಅಥವಾ ಊರಲ್ಲಿ ಹಾಗೆ ಹೇಳಿಕೊಂಡು ತಿರುಗುತ್ತಿದ್ದೀರಾ? ಬರೆಯುವ ಮೊದಲು ಒಂದು ರಾತ್ರಿ ಯೋಚಿಸಿ. ನಡೆದದ್ದನ್ನಷ್ಟೇ ಬರೆಯಿರಿ. ಈ ಉತ್ತರದ ಮೇಲೆ ಬಹಳ ನಿಂತಿದೆ.

ಶಿವಲೀಲಾ


ಹನುಮಸಾಗರ
27 ಫೆಬ್ರವರಿ 2025

ಶಿವಲೀಲಾ,

ನಿನ್ನ ಪತ್ರ ಓದಿ ಸಿಟ್ಟು ಬಂತು, ಆಮೇಲೆ ನಗು ಬಂತು. ಅರ್ಥವಾಯಿತು ಬಿಡು. ಅಲ್ಲಿ ನಿನಗೆ ಬೇಕಾದವರು ಯಾರೋ ಇದ್ದಾರೆ, ಅವರನ್ನು ನಮ್ಮ ಕಂಪನಿಗೆ ಸೇರಿಸಬೇಕು. ಅದಕ್ಕೆ ಕಾಕಾನ ಕೈ ಎಷ್ಟು ಉದ್ದ ಎಂದು ಅಳೆಯುತ್ತಿದ್ದೀಯ. ನೇರವಾಗಿ ಕೇಳಬಾರದೇ?

ಕಲ್ಲಿನ ಮೇಲೆ ಕೆತ್ತಿಸಿಕೋ. ನಾಹೀದಾಳನ್ನು ಸೇರಿಸಿದವನು ಅಮರಪ್ಪ. ಆ ಮೂವತ್ತೆರಡು ಮಂದಿಯನ್ನೂ ಸೇರಿಸಿದವನು ಅಮರಪ್ಪ. ಸಾಕ್ಷಿ ಬೇಕೇ? ಶಬ್ಬೀರಸಾಬ ಇಲ್ಲೇ ಪಕ್ಕದಲ್ಲಿ ಕೂತಿದ್ದಾನೆ. ಅವನ ಮಾತನ್ನು ಅವನ ಬಾಯಿಂದ ಬಂದಂತೆಯೇ ಬರೆಯುತ್ತೇನೆ:

“ತಂಗಿ, ನಾ ಶಬ್ಬೀರ. ನಿಮ್ಮ ಕಾಕಾ ಇರಲಿಲ್ಲಂದ್ರ ನನ್ನ ಮಗಳಿಗೆ ಯಾರ ನೌಕರಿ ಕೊಡ್ತಿದ್ರು ಹೇಳು? ಆಂವನ ನಾಲಿಗಿ ಉದ್ದ ಖರೆ, ಮನಸೂ ಅಷ್ಟ ಉದ್ದ ಐತಿ.”

ನೋಡು. ಮನಸ್ಸಿನ ಮಾತು ಅವನದು, ನಾಲಿಗೆಯ ಮಾತನ್ನು ಗೆಳೆತನಕ್ಕೆ ಬಿಟ್ಟಿದ್ದೇನೆ. ಇನ್ನು ನಿನ್ನವರು ಯಾರು, ಹೆಸರು ಬರೆ.

ಅಮರಪ್ಪ


ಹನುಮಸಾಗರ
2 ಏಪ್ರಿಲ್ 2025

ಶಿವಲೀಲಾ,

ನಿನ್ನಿಂದ ಉತ್ತರವಿಲ್ಲ. ಇಲ್ಲಿ ಬೆಂಕಿ ಬಿದ್ದಿದೆ.

ನಿನ್ನೆ ನಮ್ಮ ಊರಿನ ಮೂವತ್ತೆರಡು ಮಂದಿಯನ್ನೂ ಗೇಟಿನಲ್ಲಿ ನಿಲ್ಲಿಸಿ, ಮುಂದೆ ಹೇಳುವವರೆಗೆ ಬರಬೇಡಿ ಎಂದು ತಿರುಗಿ ಕಳಿಸಿದರು. ಹೈದರಾಬಾದಿನಿಂದ ಯಾರೋ ಬಂದು ತಪಾಸಣೆ ಮಾಡಿ, ಇಲ್ಲಿನ ಆಯ್ಕೆ ಪೂರಾ ವಶೀಲಿಯದು ಎಂದು ಬರೆದಿದ್ದಾರಂತೆ. ಕಾಯಂ ಆಗಬೇಕಾದ ವಾರ! ನಾಹೀದಾ ಊಟದ ಡಬ್ಬಿ ತೆರೆಯದೇ ವಾಪಸು ತಂದಳು. ಶಬ್ಬೀರನ ಹೆಂಡತಿ ತಾಜಬೀ ನನ್ನ ಮನೆ ಮುಂದೆ ನಿಂತು, “ಅಣ್ಣಾ, ಸೇರಿಸಿದವ್ರು ನೀವ. ಉಳಿಸವ್ರೂ ನೀವ ಆಗ್ರಿ” ಎಂದಳು.

ಪ್ರಭುರಾಜ ಸಾಹೇಬರನ್ನು ಕಾಣಲು ಹೋದೆ. ಗೇಟಿನವನು, “ಅಮರಪ್ಪ ಅಂದ್ರ ನೀವ ಏನ್ರಿ? ನಿಮ್ಮನ್ನಂತೂ ಒಳಗ ಬಿಡಬ್ಯಾಡ ಅಂದಾರ” ಎಂದ.

ನೀನು ಅಂಥದೇ ಆಫೀಸಿನಲ್ಲಿದ್ದೀಯ. ಆ ತಪಾಸಣೆ ಮಾಡಿದ ಮಹಾನುಭಾವ ಯಾರು, ವಿಳಾಸ ಹುಡುಕಿ ಕೊಡು. ಅವನ ತಾಯಿ ಅವನಿಗೆ ಹಾಲಿನ ಬದಲು ಏನು ಕುಡಿಸಿ ಬೆಳೆಸಿದಳು ಎಂದು ನಾನೇ ಕೇಳುತ್ತೇನೆ.

ಅಮರಪ್ಪ


ಹೈದರಾಬಾದ್
8 ಏಪ್ರಿಲ್ 2025

ಕಾಕಾ,

ನನ್ನ ತಾಯಿ ನನಗೆ ಹಾಲನ್ನೇ ಕುಡಿಸಿದಳು. ನೀವೇ ಎಮ್ಮೆ ಕರೆದು ತಂದುಕೊಡುತ್ತಿದ್ದಿರಿ.

ತಪಾಸಣೆ ಮಾಡಿದವಳು ನಾನು. ದೊಡ್ಡ ಕಂಪನಿಗಳು ತಮ್ಮ ಜನರನ್ನು ಸರಿಯಾಗಿ ಆರಿಸುತ್ತಿವೆಯೇ ಎಂದು ನೋಡುವುದು ನಮ್ಮ ಸಂಸ್ಥೆಯ ಕೆಲಸ. ಡಿಸೆಂಬರಿನಲ್ಲಿ ಕುಷ್ಟಗಿಯ ಘಟಕ ನನ್ನ ಪಾಲಿಗೆ ಬಂತು. ಫೋನು ಬೇಡ ಎಂದದ್ದು ಅದಕ್ಕೇ. ಅಲ್ಲಿಗೆ ಬಂದಾಗ ಕೊಪ್ಪಳದಲ್ಲಿ ಉಳಿದೆ, ಊರಿಗೆ ಬರಲಿಲ್ಲ.

ಸಂದರ್ಶನಗಳ ಧ್ವನಿಮುದ್ರಣ ಕೇಳಿದೆ. ಒಬ್ಬರಾದ ಮೇಲೆ ಒಬ್ಬರು, “ಅಮರಪ್ಪ ಕಾಕಾನ ಕಡಿಯವ್ರರಿ.” ಹೆಡ್‌ಫೋನಿನಲ್ಲಿ ನಿಮ್ಮ ಹೆಸರು ಕೇಳಿ ಕೇಳಿ ನನ್ನ ಕಿವಿ ಬಿಸಿಯಾದವು. ಚಿಮಟ ಹಿಡಿದು ಮೊಗ್ಗಿನ ಗಂಡುಭಾಗ ತೆಗೆಯುವ ಕೈಪರೀಕ್ಷೆ ಮಾಡಲೇಬೇಕೆಂದು ಕಂಪನಿಯ ನಿಯಮವಿದೆ. ಅದು ಒಬ್ಬರಿಗೂ ನಡೆದಿಲ್ಲ.

ಅಮರಪ್ಪ ನನ್ನ ಕಾಕಾ ಎಂದು ನಾನು ಮೇಲಿನವರಿಗೆ ಹೇಳಲಿಲ್ಲ. ಹೇಳಬೇಕಿತ್ತು. ನೀವು ನಿರಾಕರಿಸಿ ಬರೆಯುತ್ತೀರಿ, ಆ ಪತ್ರವನ್ನು ಮುಂದಿಟ್ಟು ಎಲ್ಲ ಹೇಳೋಣ ಎಂದು ಕಾದೆ. ಎರಡು ಸಲ ನಿಮಗೆ ಬಾಗಿಲು ತೆರೆದಿಟ್ಟೆ. ಎರಡೂ ಸಲ ನೀವು ಮೀಸೆ ತಿರುವಿ ಒಳಗೇ ಕೂತಿರಿ. ಕಡೆಗೆ ಕಂಡದ್ದನ್ನು ಬರೆದೆ. ನಾಹೀದಾಳ ಅನ್ನಕ್ಕೆ ಕೈ ಹಾಕುತ್ತಿದ್ದೇನೆ ಎಂದು ಗೊತ್ತಿದ್ದೇ ಬರೆದೆ.

ಇನ್ನೊಂದು ದನಿಯನ್ನೂ ಕೇಳಿದೆ, ಕಾಕಾ. ಮಲ್ಲಿ ಆವತ್ತು ಕುಕನೂರಿಗೆ ಹೋಗಿರಲಿಲ್ಲ. ಸಂದರ್ಶನಕ್ಕೆ ಬಂದಿದ್ದಳು. ಅವಳನ್ನು ಆರಿಸಲಿಲ್ಲ. ಇದು ನಿಮಗೆ ಗೊತ್ತು.

ಇದೇ ಇಪ್ಪತ್ತನಾಲ್ಕಕ್ಕೆ ಕೊಪ್ಪಳದಲ್ಲಿ ಕಂಪನಿಯ ವಿಚಾರಣೆ ಇದೆ. ಅಲ್ಲಿ ನಿಮ್ಮ ಮಾತು ಸುಳ್ಳು ಎಂದು ನೀವೇ ಹೇಳಬೇಕು. ಸ್ವಂತ ಮಗಳನ್ನೇ ಸೇರಿಸಲಾಗದವನಿಗೆ ವಶೀಲಿ ಎಲ್ಲಿಯದು ಎಂದು ಅವರಿಗೆ ತಿಳಿಯಬೇಕು. ನಾಹೀದಾಳಿಗೆ ಉಳಿದಿರುವುದು ಅದೊಂದೇ ದಾರಿ.

ಶಿವಲೀಲಾ


ಹನುಮಸಾಗರ
15 ಏಪ್ರಿಲ್ 2025

ಶಿವಲೀಲಾ,

ಆಶೀರ್ವಾದ ಬರೆಯಲು ಕೈ ಬರುತ್ತಿಲ್ಲ.

ನೀನು ಊರಿನ ಹತ್ತಿರದವರೆಗೆ ಬಂದು ನಮ್ಮ ಮನೆಯ ರೊಟ್ಟಿ ಮುರಿಯದೇ ಹೋದೆ. ಕದ್ದು ನನ್ನ ಹೆಸರು ಕೇಳಿಸಿಕೊಂಡೆ. ಈಗ, ಮಗಳು ನಪಾಸಾದಳು ಎಂದು ಹತ್ತು ಜನರ ಮುಂದೆ ನಾನು ಡಂಗುರ ಸಾರಬೇಕು. ಇಷ್ಟನ್ನು ಬರೆದು ಲಕೋಟೆ ಅಂಟಿಸುವವನಿದ್ದೆ.

ಮಲ್ಲಿ ಅಂಗಳ ಬಳಿಯುತ್ತಿದ್ದವಳು ಬಂದು ನಿಂತಳು. “ಅಪ್ಪಾ, ಅಕ್ಕ ಏನ್ ಬರದಾಳ?”

“ಏನಿಲ್ಲ. ಆರಾಮ ಅದೀನಿ ಅಂತ ಬರದಾಳ.”

“ಆರಾಮ ಇದ್ದವ್ರ ಪತ್ರ ಓದಿದ್ರ ಹಿಂಗ ಬೆವರ ಬರಂಗಿಲ್ಲ. ಕೊಡಿಲ್ಲೆ.”

ಕೊಟ್ಟೆ. ನಿಂತೇ ಓದಿದಳು. ನನಗೆ ಹೇಳದೇ ಬಸ್ಸು ಹತ್ತಿ ಹೋಗಿದ್ದಳು ಆವತ್ತು. ತಿರುಗಿ ಬಂದಾಗ, “ತಗೊಳ್ಳಲಿಲ್ಲ” ಎಂದಷ್ಟೇ ಹೇಳಿದ್ದಳು. ಕುಕನೂರಿನ ಕತೆ ಕಟ್ಟಿದವನು ನಾನು. ಯಾರಿಗೂ ಹೇಳಬೇಡ ಎಂದವನೂ ನಾನು.

“ವಿಚಾರಣಿಗೆ ಹೋಗಂಗಿಲ್ಲೇನ ನೀ?” ಎಂದಳು.

“ನಿನ್ನ ಮರ್ಯಾದಿ ಪ್ರಶ್ನೆ ಐತವಾ.”

“ನಂದೋ, ನಿಂದೋ? ನಾ ನಪಾಸ ಆಗೀನಿ, ಕಳುವು ಮಾಡಿಲ್ಲ. ನನ್ನ ಮುಚ್ಚಾಕ ಹೋಗಿ ನಾಹೀದಾನ ತುತ್ತ ಕಸಿಬ್ಯಾಡ.”

ಲಕೋಟೆ ಹರಿದೆ. ಬರುತ್ತೇನೆ.

ಅಮರಪ್ಪ


ಹೈದರಾಬಾದ್
2 ಮೇ 2025

ಕಾಕಾ,

ಕೊಪ್ಪಳದಲ್ಲಿ ಹಿಂದಿನ ಬೆಂಚಿನಲ್ಲಿ ನಾನಿದ್ದೆ. ನಮ್ಮ ಸಂಬಂಧವನ್ನು ಹಿಂದಿನ ದಿನವೇ ಮೇಲಿನವರಿಗೆ ಹೇಳಿಬಿಟ್ಟೆ. ತಪಾಸಣೆಯಿಂದ ನನ್ನನ್ನು ತೆಗೆದರು. ಮಾತಾಡುವ ಹಕ್ಕಿರಲಿಲ್ಲ, ಕೇಳುವುದಿತ್ತು ಅಷ್ಟೇ.

“ಸಾಹೇಬ್ರ, ನನ್ನ ಮಾತಿಗೆ ನನ್ನ ಎಮ್ಮಿ ಸೈತ ಕಿಮ್ಮತ್ತ ಕೊಡಂಗಿಲ್ಲ. ವಶೀಲಿ ಇದ್ದಿದ್ರ ನನ್ನ ಮಗಳ ಯಾಕ ಹೊರಗಿರ್ತಿದ್ಲು?” ಎಂದಿರಿ. ಎಲ್ಲರೂ ನಕ್ಕರು. ಕೆಲಸ ಆಯಿತು ಎಂದುಕೊಂಡೆ.

ಆಮೇಲೆ ಪ್ರಭುರಾಜರು ಎದ್ದರು. “ಇವ್ರು ಮುನಿಸಿಕೊಂಡ್ರ ನೆರಳುಮನಿಗೆ ಒಂದ ಗುಂಟೆ ಭೂಮಿ ಸಿಗಂಗಿಲ್ಲ ಅಂತ ತಿಳ್ಕೊಂಡಿದ್ವಿರಿ. ಅದಕ್ಕ ಇವ್ರ ಹೆಸರ ಹೇಳಿದವ್ರನ್ನೆಲ್ಲ ತಗೊಂಡ್ವಿ. ಹೇಳದವ್ರನ್ನ ಬಿಟ್ವಿ” ಎಂದರು. ಆಗ ನಿಮ್ಮ ಮೀಸೆಯ ಕೆಳಗೆ ಒಂದು ನಗು ಬಂದು ಹೋಯಿತು. ನಾನು ನೋಡಿದೆ. ಸುಳ್ಳೆಂದು ನೀವೇ ತಿಳಿದಿದ್ದ ಮಾತು ನಿಜವಾಗಿತ್ತಲ್ಲ!

ಕೂಡಲೇ ಮಲ್ಲಿಯ ಧ್ವನಿಮುದ್ರಣ ಹಾಕಿದರು. ಯಾರ ಕಡೆಯವಳು ಎಂಬ ಪ್ರಶ್ನೆ. “ಯಾರ ಕಡಿಯವಳೂ ಅಲ್ರಿ. ಕೆಲ್ಸ ಕೊಟ್ಟು ನೋಡ್ರಿ” ಎಂಬ ಉತ್ತರ. “ಆತು, ತಿಳಿಸ್ತೀವಿ.” ಅವಳ ಕಾಗದಗಳನ್ನು ಅವರು ತೆರೆದೂ ನೋಡಿರಲಿಲ್ಲ. ಆ ನಗು ಎಲ್ಲಿ ಹೋಯಿತೋ, ನೀವು ನೆಲ ನೋಡುತ್ತ ಕೂತಿರಿ. ಅದಾದ ಮೇಲೆ ನಿಮ್ಮನ್ನು ಮಾತಾಡಿಸಲು ನನಗೆ ಧೈರ್ಯ ಬರಲಿಲ್ಲ.

ತೀರ್ಮಾನ ಹೀಗಿದೆ. ಮೇ ಇಪ್ಪತ್ತೈದಕ್ಕೆ ಹೊಸ ಪರೀಕ್ಷೆ. ಸೆಪ್ಟೆಂಬರಿನಲ್ಲಿ ಬಂದವರೆಲ್ಲ, ಒಳಗಾದವರೂ ಹೊರಗಾದವರೂ, ಬರಬಹುದು. ಎದೆಗೆ ಒಂದು ನಂಬರು, ಕೈಗೆ ಚಿಮಟ, ಮುಂದೆ ಗಿಡ. ಹೊರಗಿನವರು ಬಂದು ನೋಡುತ್ತಾರೆ. ಯಾರ ಹೆಸರನ್ನಾದರೂ ಎತ್ತಿದವರು ಅಲ್ಲಿಯೇ ಹೊರಗೆ. ಇದನ್ನು ಊರಿಗೆ ತಿಳಿಸುವುದು ನಿಮ್ಮ ಕೆಲಸ. ನಾಹೀದಾಳಿಗೆ ಇದು ಕಡೆಯ ಅವಕಾಶ.

ಶಿವಲೀಲಾ


ಹನುಮಸಾಗರ
3 ಜೂನ್ 2025

ಚಿರಂಜೀವಿ ಶಿವಲೀಲಾ,

ಆಶೀರ್ವಾದ. ಈ ಸಲ ಜಗಳವಿಲ್ಲ.

ಸುಳ್ಳು ಹೇಳಿದರೆ ಊರು ನಂಬುತ್ತದೆ, ಖರೆ ಹೇಳಿದರೆ ಕಣ್ಣು ಹೊಡೆಯುತ್ತದೆ. ಹೊಳಿಯಪ್ಪನ ಅಂಗಡಿಯಲ್ಲಿ ನಿಂತು, “ನನ್ನ ಹೆಸರ ಎತ್ತಬ್ಯಾಡ್ರಿ, ಎತ್ತಿದ್ರ ಹೊರಗ ಹಾಕ್ತಾರ” ಎಂದೆ. ಒಬ್ಬರಿಗೊಬ್ಬರು ನೋಡಿ ನಕ್ಕರು.

“ತಿಳೀತ ಬಿಡ್ರಿ ಕಾಕಾ. ಬಾಯಿಲೆ ಅನ್ನಬಾರ್ದು, ಅಷ್ಟ ಹೌದಲ್ಲೋ? ಹಂಗಾರ ಮೀಸಿ ಮುಟ್ಟಿ ಸನ್ನಿ ಮಾಡ್ತೀವಿ” ಎಂದ ಹೊಳಿಯಪ್ಪ.

“ಹೆಣ್ಮಕ್ಕಳು ಏನ್ ಮುಟ್ಟಬೇಕೋ?” ಎಂದು ಇನ್ನೊಬ್ಬ. ಅಂಗಡಿಗೆ ಅಂಗಡಿಯೇ ನಕ್ಕಿತು. ಶಬ್ಬೀರ ಕೂಡ ಮಗಳಿಗೆ, “ಹೆಂಗರ ಮಾಡಿ ಕಾಕಾನ ಗುರ್ತ ತೋರಸವಾ” ಎಂದು ಹೇಳುತ್ತಿದ್ದ. ಇವರು ಅಲ್ಲಿ ಹೋಗಿ ಮೀಸೆ ತಿರುವಿದರೆ ಮುಗಿಯಿತು.

ಆಗ ಹೇಳಿದೆ. “ನನ್ನ ಮಗಳ ಸೆಪ್ಟೆಂಬರದಾಗ ಹೋಗಿದ್ಲು. ಹೊರಗ ಹಾಕಿದ್ರು. ನಿಮ್ಮ ಮುಂದ ಮುಚ್ಚಿಟ್ಟೆ. ನಾ ಅಲ್ಲಿ ಯಾರ ಸಲುವಾಗಿನೂ ಒಂದ ಮಾತ ಹೇಳಿಲ್ಲ. ನಿಮಗ ನೌಕರಿ ಕೊಟ್ಟಿದ್ದು ನನ್ನ ಬಡಾಯಿಗೆ ಹೆದರಿ. ನೌಕರಿ ಕಳದಿದ್ದೂ ಆ ಬಡಾಯಿನ.”

ಶಬ್ಬೀರ ಎದ್ದು ನಿಂತು, ನನ್ನ ದನಿ ಬಂದ ಕಡೆ ಮುಖ ಮಾಡಿದ. “ಅಮರ್ಯಾ, ನಿನ್ನ ಕೈ ಕಣ್ಣಿಗೆ ಒತ್ತಿಕೊಂಡೆನಲ್ಲೋ. ಆವತ್ತರ ಹೇಳಬಾರ್ದೇನ?” ಎಂದು ಗೋಡೆ ಹಿಡಿದುಕೊಂಡು ಮನೆಗೆ ಹೋದ. ನಾನು ಹಿಂದೆ ಹೋಗಲಿಲ್ಲ. ಅವತ್ತಿನಿಂದ ಅವನು ನನ್ನೊಡನೆ ಮಾತಾಡಿಲ್ಲ.

ಪರೀಕ್ಷೆಯ ದಿನ ನಾನು ಊರ ಗಡಿ ದಾಟಲಿಲ್ಲ. ನಿನ್ನೆ ಫಲಿತಾಂಶ ಬಂತು. ಮೂವತ್ತೆರಡು ಮಂದಿಯಲ್ಲಿ ಹನ್ನೊಂದು ಜನ ಉಳಿದರು. ನಾಹೀದಾ ಉಳಿದಳು. ಅದೂ ಕಾಯಂ. ಅವಳು ಮುಟ್ಟಿದ ಹೂಗಳಲ್ಲಿ ಒಂದೂ ಉದುರಿಲ್ಲವಂತೆ. ಉಳಿದ ಜಾಗಕ್ಕೆ ಹಿಂದೆ ಹೊರಗಾದವರಲ್ಲಿ ಕೆಲವರನ್ನು ತೆಗೆದುಕೊಂಡಿದ್ದಾರೆ. ಮಲ್ಲೇಶ್ವರಿಗೆ ಆಗಲಿಲ್ಲ. ಗಡಿಬಿಡಿಯಲ್ಲಿ ಚಿಮಟ ಒತ್ತಿ ಹೂವಿನ ಗರ್ಭಕ್ಕೆ ಗಾಯ ಮಾಡಿದಳಂತೆ.

ಸಮಾಧಾನ ಮಾಡಲು ಹೋದೆ. “ಸುಮ್ನಿರಪಾ” ಎಂದಳು. “ಹ್ವಾದ ಸಲ ನಿನ್ನ ಹೆಸರಿಗೆ ಸೋತಿದ್ದೆ. ಈ ಸಲ ನನ್ನ ಕೈಯಿಗೆ ಸೋತೀನಿ. ಇದು ನಂದು. ಇದನ್ನರ ನನಗ ಬಿಡು.”

ನಾನು ಬಿಟ್ಟೆ.

ಮಧ್ಯಾಹ್ನ ದನಕ್ಕೆ ನೀರು ಕುಡಿಸಿ ಬರುವಷ್ಟರಲ್ಲಿ ನಾಹೀದಾ ನಮ್ಮ ಹಿತ್ತಲಲ್ಲಿದ್ದಳು. ಅಪ್ಪ ಮಾತು ಬಿಟ್ಟಿದ್ದಾನೆ, ಮಗಳು ಹಿತ್ತಲ ಬಾಗಿಲಿನಿಂದ ಬಂದಿದ್ದಾಳೆ. ಇಬ್ಬರೂ ಟೊಮೆಟೊ ಗಿಡದ ಮುಂದೆ ಮಂಡಿಯೂರಿ ಕೂತಿದ್ದರು. “ಹಂಗ ಜಗ್ಗಬ್ಯಾಡ ಮಲ್ಲಿ, ಮೊಗ್ಗು ತಾನ ಬಿಡ್ತೈತಿ” ಎನ್ನುತ್ತಿದ್ದಳು. ಮುಂದಿನ ಆಯ್ಕೆ ದೀಪಾವಳಿಯ ಹೊತ್ತಿಗಂತೆ.

ನನಗೂ ಟೊಮೆಟೊ ಗಿಡದ ಬಗ್ಗೆ ಹೇಳುವುದು ಬಹಳ ಇತ್ತು. ಬಾಯಿ ತೆಗೆದೆ. ಇಬ್ಬರೂ ತಿರುಗಿ ನೋಡಿದರು. ಬಾಯಿ ಮುಚ್ಚಿ ದನಕ್ಕೆ ಮೇವು ಹಾಕಲು ಹೋದೆ.

ನಿನ್ನ ಕಾಕಾ,
ಅಮರಪ್ಪ